‘ಮಾ’: ಒಂದು ಆಂದೋಲನದ ಹೆಸರು

ಕೇಂದ್ರ ಆರೋಗ್ಯ ಸಚಿವಾಲಯವು 2016ರ ಆಗಸ್ಟ್‌ನಲ್ಲಿ ಆರಂಭಿಸಿದ ಸ್ತನ್ಯಪಾನ ಕಾರ್ಯಕ್ರಮದ ಹೆಸರು ‘ಮಾ’. ವಿಸ್ತೃತ ರೂಪ ‘ಮದರ್ಸ್ ಆಬ್ಸಲ್ಯೂಟ್ ಅಫೆಕ್ಷನ್’. ಹಿಂದಿಯ ಪದ ಮೊದಲು ಹುಟ್ಟಿ, ಇಂಗ್ಲಿಷ್ ವಿಸ್ತರಣೆ ಅದಕ್ಕೆ ಹೊಂದುವಂತೆ ಅನಂತರ ರಚಿತವಾದಂತೆ ನಮಗೆ ತೋರುತ್ತದೆ. ಈ ಶ್ಲೇಷೆ ಕನ್ನಡದಲ್ಲಿ ನಿಲ್ಲದು. ನಮ್ಮಲ್ಲಿರುವುದು ತಾಯಿ, ಅಮ್ಮ, ಅವ್ವ, ಅಬ್ಬೆ. ಸಂಸ್ಕೃತ ಬಲ್ಲವರಿಗಂತೂ ‘ಮಾ’ ನಿಷೇಧಾರ್ಥಕ ಅವ್ಯಯವೂ ಹೌದು. ಹಾಲೂಡಿಸಿರೆನ್ನುವ ಕರೆಗೆ ‘ಬೇಡ’ವೆಂಬ ಅರ್ಥಚ್ಛಾಯೆ! ಕರ್ನಾಟಕವು 2017ರಲ್ಲಿ ಗರ್ಭಿಣಿ, ಬಾಣಂತಿಯರ ಬಿಸಿಯೂಟಕ್ಕೆ ‘ಮಾತೃಪೂರ್ಣ’ವೆಂದು ಹೆಸರಿಟ್ಟಿತು; ಸಮಾಸ ತುಸು ಭಾರವಾದರೂ ಬಿಡಿಸಿದರೆ ಅರ್ಥವಾಗುವಂಥದು.

ಆದರೆ ನಮ್ಮ ಮುಖ್ಯ ಆಕ್ಷೇಪ ಧ್ವನಿಯ ಕುರಿತದ್ದಲ್ಲ. ‘ಆಬ್ಸಲ್ಯೂಟ್’ ಎಂಬ ವಿಶೇಷಣವು ಎದೆಹಾಲನ್ನು ವಾತ್ಸಲ್ಯದ ಅಳತೆಗೋಲಾಗಿಸುತ್ತದೆ. ಹಾಲೂಡಿಸಲಾಗದ ಬಾಣಂತಿಯ ಮಮತೆ ಆಗ ಅಪೂರ್ಣವೆನಿಸುತ್ತದೆ. ಕಾರ್ಯಕ್ರಮವು ಆಶಾ ಕಾರ್ಯಕರ್ತೆಯರನ್ನೂ ಹೆರಿಗೆ ಕೇಂದ್ರಗಳ ಸಿಬ್ಬಂದಿಯನ್ನೂ ತಾಯಿಯ ನೆರವಿಗೆ ನಿಯೋಜಿಸುತ್ತದೆ. ಹೆಸರು ಮಾತ್ರ ಹೊಣೆಯನ್ನು ಅವಳೊಬ್ಬಳ ಮೇಲೆಯೇ ಹೊರಿಸುತ್ತದೆ.