124.80 ಅಡಿಯ ದಡದಲ್ಲಿ ಸೈಕಲ್ ಪ್ರದಕ್ಷಿಣೆ

ಮಳೆಗಾಲ ಬಂತೆಂದರೆ ಹಳೇ ಮೈಸೂರು ಸೀಮೆಯ ಪತ್ರಿಕೆಗಳಲ್ಲಿ ಒಂದು ಪುಟ್ಟ ಚೌಕಟ್ಟು ತಪ್ಪದೇ ಕಾಣಿಸಿಕೊಳ್ಳುತ್ತದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಂಡ್ಯದ ರೈತರು ಭತ್ತದ ಒಟ್ಲು ಹಾಕಬಹುದೇ ಎಂದು ಅದನ್ನು ನೋಡುತ್ತಾರೆ. ಬೆಂಗಳೂರಿನವರು ನಲ್ಲಿಯ ನೀರನ್ನು ನೆನೆದು ನೋಡುತ್ತಾರೆ. ಜಲಾಶಯವನ್ನು ಸೈಕಲ್ಲಿನಲ್ಲಿ ಸುತ್ತಲು ಹೊರಟವರಿಗೂ ಆ ಅಂಕಿ ಬೇಕು. ಬೇಸಿಗೆಯಲ್ಲಿ ಚಕ್ರ ಉರುಳಿದ ಮಣ್ಣಿನ ದಾರಿ ಆಗಸ್ಟಿನ ಹೊತ್ತಿಗೆ ನೀರಿನೊಳಗಿರುತ್ತದೆ.

ಕೃಷ್ಣರಾಜಸಾಗರದ ಸುತ್ತ ಒಂದೇ ಒಂದು ರಸ್ತೆ ಎಂಬುದಿಲ್ಲ. ಊರಿಂದ ಊರಿಗೆ ಹೋಗುವ ರಸ್ತೆಗಳನ್ನು ಹೊಂದಿಸಿಕೊಂಡು ಸುತ್ತು ಮಾಡಿಕೊಳ್ಳಬೇಕು. ಮೈಸೂರಿನಿಂದ ಹೊರಟು ಯಲವಾಲ, ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಹೊಸ ಕನ್ನಂಬಾಡಿ, ಅಣೆಕಟ್ಟೆ, ಬೆಳಗೊಳದ ಮೂಲಕ ಮರಳಿದರೆ ನೂರು ಕಿಲೋಮೀಟರು ಮೀರುತ್ತದೆ. ಹೀಗೆ ಹೋದರೆ ನೀರು ಬಲಗಡೆಗೇ ಇರುತ್ತದೆ, ದೇವಸ್ಥಾನದ ಪ್ರದಕ್ಷಿಣೆಯ ಹಾಗೆ. ಇದರಲ್ಲಿ ಭಕ್ತಿಗಿಂತ ಗಾಳಿಯ ಲೆಕ್ಕ ಹೆಚ್ಚು. ಮುಂಗಾರಿನ ಪಡುವಣ ಗಾಳಿಗೆ ಎದೆಯೊಡ್ಡಿ ತುಳಿಯುವ ಕಷ್ಟವನ್ನು ಬೆಳಗ್ಗೆ ಕಾಲಲ್ಲಿ ಕಸುವಿರುವಾಗಲೇ ಮುಗಿಸಿಕೊಂಡರೆ, ಮಧ್ಯಾಹ್ನ ಅದೇ ಗಾಳಿ ಬೆನ್ನಿಗೆ ಬರುತ್ತದೆ.

ಈ ದಾರಿಯಲ್ಲಿ ತುಳಿಯುವಾಗ ಮೊದಲು ಅರಿವಿಗೆ ಬರುವುದು ಅದರ ಬಳಸು. ಎದುರು ದಡದ ಊರಿನ ತೆಂಗಿನ ಮರಗಳು ಕಣ್ಣಿಗೆ ಕಾಣುತ್ತಿರುತ್ತವೆ, ಅಲ್ಲಿಗೆ ಹೋಗಲು ಮಾತ್ರ ಗಂಟೆಗಟ್ಟಲೆ ಬೇಕು. ನೇರ ದಾರಿಗಳಿದ್ದ ನೆಲ ಈಗ ನೀರಿನ ತಳ. ಜಲಾಶಯದ ದಡವನ್ನು ನಾವು ಹೊಳೆಯ ದಡದಷ್ಟೇ ಸಹಜವೆಂದು ಭಾವಿಸುತ್ತೇವೆ. ಆದರೆ ಈ ದಡ ನಿಂತದ್ದು ಮೊದಲು ಕಾಗದದ ಮೇಲೆ.

ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಹಾಕುವ ಕೆಲಸ ಶುರುವಾದದ್ದು 1911ರ ನವೆಂಬರಿನಲ್ಲಿ. ಮುಖ್ಯ ಎಂಜಿನಿಯರ್ ಆಗಿದ್ದವರು ಎಂ. ವಿಶ್ವೇಶ್ವರಯ್ಯ, ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್. 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಡುತ್ತಿದ್ದ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಬೇಕಿತ್ತು. ಬರದ ಸೀಮೆಗೆ ನೀರಾವರಿಯೂ ಬೇಕಿತ್ತು. ಕೆಳಗಿನ ಮದರಾಸು ಪ್ರಾಂತ್ಯ ಒಪ್ಪಲಿಲ್ಲ. ಭಾರತ ಸರ್ಕಾರ 11 ಟಿಎಂಸಿ ನೀರು ನಿಲ್ಲಿಸುವ ಚಿಕ್ಕ ಕಟ್ಟೆಗೆ ಮಾತ್ರ ಅನುಮತಿ ಕೊಟ್ಟಿತು. ಮೈಸೂರಿನವರು ಅಡಿಪಾಯವನ್ನು ತಾವು ಬಯಸಿದ ದೊಡ್ಡ ಕಟ್ಟೆಗೆ ಒಪ್ಪುವಷ್ಟು ಅಗಲವಾಗಿಯೇ ಹಾಕಿದರು. ಜಗಳ ಪಂಚಾಯಿತಿಗೆ ಹೋಯಿತು. 1914ರಲ್ಲಿ ನ್ಯಾಯಾಧೀಶ ಗ್ರಿಫಿನ್ ತೀರ್ಪು ಕೊಟ್ಟರು. ಮದರಾಸು ಅದನ್ನು ಲಂಡನ್ನಿಗೆ ಒಯ್ದಿತು. ಕೊನೆಗೆ 1924ರ ಫೆಬ್ರವರಿ 18ರಂದು ಒಪ್ಪಂದವಾಗಿ, ಬಳಕೆಗೆ ಸಿಗುವ 44.827 ಟಿಎಂಸಿ ಸಂಗ್ರಹಕ್ಕೆ ಒಪ್ಪಿಗೆ ದೊರೆಯಿತು.

ಇದನ್ನು ಎರಡು ಸರ್ಕಾರಗಳ ಕಥೆಯಾಗಿ ಓದುವುದು ರೂಢಿ. ಹಿನ್ನೀರಿನ ಒಂದು ಹಳ್ಳಿಯಲ್ಲಿ ಸೈಕಲ್ ಒರಗಿಸಿ ನಿಂತು ಓದಿದರೆ ಅದು ಬೇರೆಯಾಗಿ ಕಾಣುತ್ತದೆ. 11 ಟಿಎಂಸಿ ಎಂದರೆ ಒಂದು ದಡ, 44 ಎಂದರೆ ಇನ್ನೊಂದು. ಆ ಎರಡು ದಡಗಳ ನಡುವೆ ಇದ್ದದ್ದು ಹೊಲ, ಗದ್ದೆ, ಕಣ, ಸ್ಮಶಾನ, ಮನೆದೇವರ ಗುಡಿ. ಅವು ಉಳಿಯುತ್ತವೆಯೋ ಮುಳುಗುತ್ತವೆಯೋ ಎಂಬುದು ಹದಿಮೂರು ವರ್ಷ ದೂರದ ಕಚೇರಿಗಳ ಕಡತಗಳಲ್ಲಿತ್ತು.

ಪಶ್ಚಿಮದ ಅಂಚಿನಲ್ಲಿ ಕೃಷ್ಣರಾಜನಗರದ ನೇರವಾದ ಅಗಲ ಬೀದಿಗಳು ಸವಾರನಿಗೆ ಹಿತ. ಹಳ್ಳಿ ಬೆಳೆದು ಆದ ಊರು ಇದಲ್ಲ. ಕಾವೇರಿಯ ಪ್ರವಾಹಕ್ಕೆ ತುತ್ತಾಗುತ್ತಿದ್ದ ಯಡತೊರೆಯ ಬದಲಿಗೆ ನಕ್ಷೆ ಹಾಕಿ ಕಟ್ಟಿದ್ದು. ಅರ್ಕೇಶ್ವರನ ಗುಡಿ ಮಾತ್ರ ಹಳೆಯ ಜಾಗದಲ್ಲೇ, ಹೊಳೆಯ ಪಕ್ಕದಲ್ಲೇ ಇದೆ.

ಮುಂದೆ ಅಕ್ಕಿಹೆಬ್ಬಾಳು. ಸಾಹಿತ್ಯದ ವಿದ್ಯಾರ್ಥಿಗಳು ಈ ಊರಿನ ಹೆಸರನ್ನು ಒಬ್ಬರ ಹೆಸರಿನ ಮೊದಲ ಅಕ್ಷರವಾಗಿ ಬಲ್ಲರು: ಎ.ಎನ್. ಮೂರ್ತಿರಾವ್. ಅವರು ಇಲ್ಲಿ ಹುಟ್ಟಿದ್ದು 1900ರಲ್ಲಿ. ಆಗ ಕೆಳಗೆ ಜಲಾಶಯವೇ ಇರಲಿಲ್ಲ, ಹೇಮಾವತಿ ತನ್ನ ಪಾಡಿಗೆ ಹೋಗಿ ಕಾವೇರಿಯನ್ನು ಸೇರುತ್ತಿತ್ತು. ‘ದೇವರು’ ಬರೆದ ಆ ಲೇಖಕರು ತೀರಿಕೊಂಡದ್ದು 2003ರಲ್ಲಿ. ಒಂದು ಜಲಾಶಯದ ಇಡೀ ಆಯಸ್ಸು ಒಬ್ಬ ಮನುಷ್ಯನ ಬದುಕಿನೊಳಗೆ ಅಡಗುವಷ್ಟು ಹೊಸದು ಎಂಬುದನ್ನು ಈ ಎರಡು ಇಸವಿಗಳು ಹೇಳುತ್ತವೆ.

ಅಲ್ಲಿಂದ ಅಂಬಿಗರಹಳ್ಳಿ ಹೆಚ್ಚು ದೂರವಿಲ್ಲ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ಸಂಗಮವೆಂದು 2022ರಲ್ಲಿ ಕುಂಭಮೇಳ ನಡೆದ ಜಾಗ ಇದು. ಜಲಾಶಯ ತುಂಬಿದಾಗ ಯಾವ ನೀರು ಯಾವ ನದಿಯದೆಂದು ಹೇಳಲಾಗದು, ಕಣ್ಣಿಗೆ ಕಾಣುವುದು ಒಂದೇ ಹರವು. ಮೂರು ಹೊಳೆಗಳನ್ನು ಬಿಡಿಬಿಡಿಯಾಗಿ ಕಾಣಲು ಸೈಕಲ್ಲೇ ಸರಿ, ಸುತ್ತು ಮುಗಿಸುವುದರೊಳಗೆ ಹೇಮಾವತಿ ಮತ್ತು ಲಕ್ಷ್ಮಣತೀರ್ಥಗಳನ್ನು ಒಂದೊಂದು ಸಲ, ಕಾವೇರಿಯನ್ನು ಎರಡು ಸಲ ದಾಟಿರುತ್ತೇವೆ.

ಉತ್ತರದ ದಡದಲ್ಲಿ ಗಾಳಿ ಬೆನ್ನಿಗೆ ಬಂದು ದಾರಿ ಸಲೀಸಾಗುತ್ತದೆ. ಅದರ ಕೊನೆಯಲ್ಲಿ ಹೊಸ ಕನ್ನಂಬಾಡಿ. ಹಳೆಯ ಕನ್ನಂಬಾಡಿಯಲ್ಲಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ ಊರಿನೊಡನೆ ಮುಳುಗಿತ್ತು. ಬರ ಬಂದು ನೀರು ತೀರಾ ಇಳಿದಾಗ ಅದು ಮೇಲೆ ಕಾಣಿಸಿಕೊಳ್ಳುತ್ತಿತ್ತು. ಹೀಗಾಗಿ ಸೀಮೆಯ ಸಂಕಟದ ವರ್ಷಗಳೇ ದೇವಾಲಯದ ದರ್ಶನದ ವರ್ಷಗಳಾದವು. ಈ ಶತಮಾನದಲ್ಲಿ ಖೋಡೆ ಪ್ರತಿಷ್ಠಾನ ಕಲ್ಲುಗಳಿಗೆ ಗುರುತು ಹಾಕಿ ಬಿಚ್ಚಿ, ಎತ್ತರದ ದಡಕ್ಕೆ ತಂದು ಮತ್ತೆ ಜೋಡಿಸಿತು. ಈಗ ಅಂಗಳದಲ್ಲಿ ನಿಂತರೆ ಮುಂದೆ ಸಮುದ್ರದಂಥ ನೀರು. ಕಲ್ಲನ್ನು ಹೀಗೆ ಗುರುತು ಹಾಕಿ ಮರಳಿ ಜೋಡಿಸಬಹುದು. ಬೀದಿ, ನೆರೆಹೊರೆ, ಗದ್ದೆಯ ಬದು, ಸಂತೆಯ ದಾರಿಗಳನ್ನು ಹಾಗೆ ಜೋಡಿಸುವ ವಿದ್ಯೆ ಇಲ್ಲ. ಅವುಗಳ ಗುರುತಾಗಿ ಉಳಿದಿರುವುದು ಊರಿನ ಹೆಸರಿನ ಹಿಂದೆ ಕೂತ ‘ಹೊಸ’ ಎಂಬ ಎರಡಕ್ಷರ.

ಕೊನೆಗೆ ಅಣೆಕಟ್ಟೆ. ಉದ್ದ 8,600 ಅಡಿ, ಎತ್ತರ 130 ಅಡಿ. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ, ಸುಮಾರು 10,000 ಮಂದಿ ದುಡಿದು ಎಬ್ಬಿಸಿದ ಗೋಡೆ ಇದು. ಅದರ ಮೇಲೆ ಸಾರ್ವಜನಿಕರ ಓಡಾಟಕ್ಕೆ ಬಿಡುವುದಿಲ್ಲ, ಕೆಳಗಿನ ದಾರಿಯಲ್ಲಿ ಹೊಳೆ ದಾಟಬೇಕು. ಕೆಲಸದ ಕಾಲದಲ್ಲಿ ಸಿಕ್ಕಿದ ಟಿಪ್ಪು ಕಾಲದ ಪಾರ್ಸಿ ಶಾಸನವೊಂದು ಇಲ್ಲಿದೆ. ಕಾವೇರಿಗೆ ಅಣೆ ಕಟ್ಟುವ ಸಂಕಲ್ಪವನ್ನೂ ಅದರ ನೀರಿನಲ್ಲಿ ಬೀಳು ನೆಲ ಉಳುವವರಿಗೆ ರಿಯಾಯಿತಿಯನ್ನೂ ಅದು ಹೇಳುತ್ತದೆ. ಆ ಕಟ್ಟೆ ಆಗ ಆಗಲಿಲ್ಲ. ಈಗ ಕಾಣುವುದು ಒಡೆಯರ ಕಾಲದ್ದು.

ಇಲ್ಲಿಂದ ಕೆಳಗೆ ಇಳಿದೊಡನೆ ದೃಶ್ಯವೇ ಬದಲು. ಮೊದಲು ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗ ಹೊಕ್ಕು ಮಂಡ್ಯದ ಬಯಲಿಗೆ ಹೋಯಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ನೀರು ಹರಿದ ಸೀಮೆಗೆ ಭತ್ತ, ಕಬ್ಬು, ಶಾಲೆ, ರಾಜಕೀಯದ ದನಿ ಎಲ್ಲವೂ ಒದಗಿದವು. ಇದು ದೊಡ್ಡ ಉಪಕಾರ, ಅದನ್ನು ನೆನೆಯುವವರು ಮನೆಮನೆಯಲ್ಲೂ ಇದ್ದಾರೆ. ನಮ್ಮ ಪಠ್ಯಗಳು ಅಣೆಕಟ್ಟೆಯ ಕಥೆಯನ್ನು ಈ ಕೆಳಗಿನ ಬದಿಯಿಂದಲೇ ಹೇಳುತ್ತವೆ. ಪ್ರವಾಸಿಗಳ ಬಸ್ಸೂ ನೇರವಾಗಿ ಬೃಂದಾವನಕ್ಕೇ ಹೋಗಿ ನಿಲ್ಲುತ್ತದೆ.

ಮೇಲಿನ ಬದಿಗೆ ಬಸ್ಸು ಕರೆದೊಯ್ಯುವುದು ಕಡಿಮೆ. ಅಲ್ಲಿಗೆ ಹೋಗುವ ಸವಾರನಿಗೆ ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಮಣ್ಣಿನಲ್ಲಿ ತುರ್ತಿನ ಬೆಳೆ ತೆಗೆಯುವವರು ಕಾಣುತ್ತಾರೆ. ಅವರೂ ಅದೇ ಚೌಕಟ್ಟನ್ನು ದಿನವೂ ಓದುತ್ತಾರೆ. ಮಟ್ಟ ಏರಿತೆಂದರೆ ಕೆಳಗಿನ ರೈತ ನೇಗಿಲು ಹೂಡುತ್ತಾನೆ, ಮೇಲಿನವನು ಕುಡುಗೋಲು ಹಿಡಿದು ಓಡುತ್ತಾನೆ. ಮುಂದಿನ ಸಲ 124.80 ಮುಟ್ಟಿ, ಮುಖ್ಯಮಂತ್ರಿಗಳು ಬಾಗಿನ ಬಿಡುವ ಚಿತ್ರ ಬಂದಾಗ, ನೀರು ನಿಂತ ಇನ್ನೊಂದು ತುದಿಯಲ್ಲಿ ಅಂದು ಯಾವ ದಾರಿ ಮುಚ್ಚಿತು ಎಂದೂ ಕೇಳಬೇಕು.