ಗರ್ಭಕೋಶದ ಪಾಲಿಪ್ ಮತ್ತು ಅಸಹಜ ರಕ್ತಸ್ರಾವ

ಗರ್ಭಕೋಶದ ಒಳಪದರ ಒಂದೆಡೆ ಮಿತಿಮೀರಿ ಬೆಳೆದು ಒಳಗೆ ಚಾಚಿಕೊಂಡ ಮೃದುವಾದ ಗಂಟೇ ಪಾಲಿಪ್. ಇದು ಕೆಲವು ಮಿಲಿಮೀಟರ್‌ನಿಂದ ಹಲವು ಸೆಂಟಿಮೀಟರ್‌ವರೆಗೆ ಇರಬಹುದು. ಮೂಲ ಕಾರಣ ಪೂರ್ತಿ ತಿಳಿದಿಲ್ಲವಾದರೂ ಈಸ್ಟ್ರೋಜನ್ ಹಾರ್ಮೋನಿನ ಪಾತ್ರ ಸ್ಪಷ್ಟ. ನಲವತ್ತು ದಾಟಿದವರಲ್ಲಿ, ಬೊಜ್ಜು ಇರುವವರಲ್ಲಿ, ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ಮಾತ್ರೆ ನುಂಗುವವರಲ್ಲಿ ಇದು ಹೆಚ್ಚು. ಮುಟ್ಟು ಮುಗಿದು ವಾರ ಕಳೆಯುವಷ್ಟರಲ್ಲಿ ಮತ್ತೆ ರಕ್ತದ ಕಲೆ, ವಿಪರೀತ ಸ್ರಾವ, ಮುಟ್ಟು ನಿಂತು ವರ್ಷಗಳಾದ ಮೇಲೂ ರಕ್ತ ಕಾಣುವುದು ಇದರ ಲಕ್ಷಣಗಳು. ಆದರೆ ಫೈಬ್ರಾಯ್ಡ್, ಥೈರಾಯ್ಡ್ ತೊಂದರೆ, ಅಂಡೋತ್ಪತ್ತಿಯ ಏರುಪೇರು, ಕ್ಯಾನ್ಸರ್ ಇವುಗಳಲ್ಲೂ ಸ್ರಾವ ಹೀಗೆಯೇ ಇರುತ್ತದೆ. ಆದ್ದರಿಂದ ಸ್ರಾವವನ್ನೇ ರೋಗವೆಂದು ತಿಳಿದು, ಕಾರಣ ಹುಡುಕದೆ ಗರ್ಭಕೋಶ ತೆಗೆಯುವುದನ್ನು ಚಿಕಿತ್ಸೆ ಎನ್ನಲಾಗದು.

ಇದು ದಾವಣಗೆರೆ ಸೀಮೆಗೆ ದೂರದ ಮಾತಲ್ಲ. ಹರಿಹರದಿಂದ ತುಂಗಭದ್ರೆ ದಾಟಿದರೆ ಸಿಗುವ ರಾಣೆಬೆನ್ನೂರಿನಲ್ಲಿ ನೂರಾರು ಮಹಿಳೆಯರು, ಅವರಲ್ಲಿ ಬಹುಪಾಲು ಬಡವರು, ತಮ್ಮ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಯಿತೆಂದು ಪರಿಹಾರಕ್ಕಾಗಿ ಹೋರಾಡಿದ್ದಾರೆ. ಕಲಬುರಗಿಯ ಲಂಬಾಣಿ ತಾಂಡಾಗಳಿಂದಲೂ ಇಂಥದೇ ದೂರು ಎದ್ದಿತ್ತು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು.

ಮಕ್ಕಳಾದ ಮೇಲೆ ಗರ್ಭಕೋಶ ಯಾಕೆ ಬೇಕು, ಮುಂದೆ ಕ್ಯಾನ್ಸರ್ ಆದರೆ ಏನು ಗತಿ ಎಂಬುದು ಮನೆಮನೆಯ ಪ್ರಶ್ನೆ. ಭಯ ಸಹಜವೇ. ಆದರೆ ಪಾಲಿಪ್‌ಗಳಲ್ಲಿ ಕ್ಯಾನ್ಸರ್ ಕಾಣುವುದು ನೂರರಲ್ಲಿ ಕೆಲವೇ ಜನರಲ್ಲಿ. ಮುಟ್ಟು ನಿಂತ ಮೇಲೆ ಸ್ರಾವವಾದವರಲ್ಲಿ ಆ ಪ್ರಮಾಣ ಹೆಚ್ಚು. ಯಾರಲ್ಲಿದೆ ಎಂಬುದನ್ನು ಬಯಾಪ್ಸಿ ಹೇಳುತ್ತದೆ, ಊಹೆಯಲ್ಲ. ಇನ್ನೊಂದು ಕಡೆ, ಅಂಡಾಶಯ ಉಳಿಸಿ ಗರ್ಭಕೋಶವನ್ನಷ್ಟೇ ತೆಗೆದರೂ ಋತುಬಂಧ ಬೇಗ ಬರಬಹುದು. ಚಿಕ್ಕ ವಯಸ್ಸಿನಲ್ಲಿ ಅಂಡಾಶಯವನ್ನೂ ತೆಗೆದರಂತೂ ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯ ಏರುತ್ತದೆ. ಕೂಲಿ ಮಾಡುವವರು ಪದೇ ಪದೇ ಆಸ್ಪತ್ರೆಗೆ ಅಲೆಯಲಾರರು, ಒಂದೇ ಸಲ ಮುಗಿಸುವುದು ಲೇಸು ಎಂಬ ವಾದಕ್ಕೆ ತೂಕವಿದೆ. ಆದರೆ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ವಾರಗಟ್ಟಲೆ ಭಾರ ಎತ್ತುವಂತಿಲ್ಲ. ಹಿಸ್ಟರೋಸ್ಕೋಪಿಯಲ್ಲಿ ಪಾಲಿಪ್ ತೆಗೆಸಿಕೊಂಡವರು ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗುತ್ತಾರೆ.

ಈ ವಿಧಾನದಲ್ಲಿ ಸಣ್ಣ ಕ್ಯಾಮೆರಾ ಇಳಿಸಿ, ಕಣ್ಣಾರೆ ನೋಡುತ್ತಾ ಗಂಟನ್ನು ಬುಡಸಮೇತ ತೆಗೆಯುತ್ತಾರೆ. ಒಳಗೆ ನೋಡದೆ ಕೆರೆಯುವ ಡಿ ಅಂಡ್ ಸಿ ವಿಧಾನದಲ್ಲಿ ಪಾಲಿಪ್ ತಪ್ಪಿಹೋಗುವುದು ಹೆಚ್ಚು. ಲಕ್ಷಣವಿಲ್ಲದ ಸಣ್ಣ ಪಾಲಿಪ್ ತಾನೇ ಕರಗಲೂಬಹುದು. ಕೆಲವರಲ್ಲಿ ತೆಗೆದದ್ದು ಮರಳಿ ಬರುವುದೂ ನಿಜ. ಕ್ಯಾನ್ಸರ್ ಖಚಿತವಾದಾಗ, ಅಥವಾ ಬೇರೆ ಚಿಕಿತ್ಸೆ ಫಲಿಸದಿದ್ದಾಗ ಗರ್ಭಕೋಶ ತೆಗೆಯುವುದು ಸರಿಯಾದ ನಿರ್ಧಾರವೇ. ದಾವಣಗೆರೆಯ ವಿನೋಬನಗರದ ಹೆಣ್ಣುಮಗಳು ಸರ್ಕಾರಿ ಚಿಗಟೇರಿ ಆಸ್ಪತ್ರೆಗೇ ಹೋಗಲಿ, ಖಾಸಗಿ ಆಸ್ಪತ್ರೆಗೇ ಹೋಗಲಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಸ್ಕ್ಯಾನಿಂಗ್ ಮತ್ತು ಬಯಾಪ್ಸಿಯ ವರದಿಯನ್ನು ಕೇಳಿ ಪಡೆಯಬೇಕು.