ಮಾನ್ಯತೆ ಪಡೆದ ಮೃಗಾಲಯ, ಮಾನ್ಯತೆಯ ಹೊರಗಿನ ಅಲೆಮಾರಿ

ಪ್ರಾಣಿಯನ್ನು ಹಿಡಿದಿಟ್ಟು ಜನರಿಗೆ ತೋರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ನಮ್ಮಲ್ಲಿ ಬಹುಕಾಲ ಕಾನೂನಿನ ಪ್ರಶ್ನೆಯಾಗಿರಲಿಲ್ಲ. ಅರಸನಿಗೆ ಅದು ವೈಭವದ ಸಂಗತಿ, ಅಲೆಮಾರಿಗೆ ಹೊಟ್ಟೆಪಾಡು. 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಮೈಸೂರಿನಲ್ಲಿ ಅರಮನೆಯ ಮೃಗಾಲಯವನ್ನು ಸ್ಥಾಪಿಸಿದಾಗ ಇಂದಿನಂತಹ ಮಾನ್ಯತಾ ವ್ಯವಸ್ಥೆ ಇರಲಿಲ್ಲ. ಕರಡಿಯ ಹಗ್ಗ ಹಿಡಿದು ಊರೂರು ತಿರುಗುವ ಖಲಂದರನಾಗಲಿ, ಬುಟ್ಟಿ ಹೊತ್ತು ಬರುವ ಹಾವಾಡಿಗನಾಗಲಿ ಅಂತಹ ಪತ್ರವನ್ನು ತೋರಿಸಬೇಕಾಗಿರಲಿಲ್ಲ. ಇದಾದ ಸರಿಯಾಗಿ ನೂರು ವರ್ಷಗಳಿಗೆ, 1992ರಲ್ಲಿ, ಕೇಂದ್ರ ಮೃಗಾಲಯ ಪ್ರಾಧಿಕಾರವು ಅಸ್ತಿತ್ವಕ್ಕೆ ಬಂದಿತು. ಅರಮನೆಯ ಪ್ರಾಣಿಲೋಕ ಮತ್ತು ಬೀದಿಯ ಪ್ರಾಣಿಲೋಕ ಎರಡರ ಚರಿತ್ರೆಯೂ ಇಲ್ಲಿಂದ ಬೇರೆ ಬೇರೆ ದಾರಿ ಹಿಡಿಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಂದ ತಿದ್ದುಪಡಿಯು ಮೃಗಾಲಯಗಳಿಗೆಂದೇ ಒಂದು ಅಧ್ಯಾಯವನ್ನು ಸೇರಿಸಿತು. ಪ್ರಾಧಿಕಾರದ ಮಾನ್ಯತೆಯಿಲ್ಲದೆ ಯಾವ ಮೃಗಾಲಯವನ್ನೂ ನಡೆಸಕೂಡದೆಂದು ಅದರ 38ಎಚ್ ಕಲಮು ವಿಧಿಸುತ್ತದೆ. ಕಾಯಿದೆಯು ಪ್ರಾಣಿಗಳ ವ್ಯಾಪಾರಿಗೆ ‘ಲೈಸೆನ್ಸು’ ಎಂಬ ಪದವನ್ನೂ ಮೃಗಾಲಯಕ್ಕೆ ‘ಮಾನ್ಯತೆ’ ಎಂಬ ಪದವನ್ನೂ ಬಳಸುವುದು ಗಮನಾರ್ಹ. ಲೈಸೆನ್ಸು ಒಂದು ವಹಿವಾಟಿಗೆ ಕೊಡುವ ಅಪ್ಪಣೆ. ಮಾನ್ಯತೆಯಾದರೋ ಒಂದು ಸಂಸ್ಥೆಯ ಯೋಗ್ಯತೆಯನ್ನು ಒಪ್ಪಿಕೊಳ್ಳುವುದು. ಈ ಯೋಗ್ಯತೆಯ ಮಾನದಂಡಗಳನ್ನು 1992ರ ನಿಯಮಗಳೂ, ಅವುಗಳ ಸ್ಥಾನದಲ್ಲಿ ಬಂದ 2009ರ ನಿಯಮಗಳೂ ವಿವರಿಸಿದವು. ಪ್ರಾಣಿಯ ಸಹಜ ಸ್ವಭಾವಕ್ಕೆ ತಕ್ಕ ಆವರಣ, ಸುತ್ತುಗೋಡೆ, ಪಶುವೈದ್ಯರು, ಜನನ ಮರಣಗಳ ದಾಖಲೆ, ವಾರಕ್ಕೊಮ್ಮೆ ಪ್ರಾಣಿಗಳಿಗೆ ಜನರಿಂದ ಬಿಡುವು ಇವೆಲ್ಲ ಅವುಗಳಲ್ಲಿ ಸೇರಿವೆ. ಮಾನ್ಯತೆ ನಿರಾಕರಿಸುವ ಮುನ್ನ ಅರ್ಜಿದಾರರ ಅಹವಾಲನ್ನು ಕೇಳಬೇಕು. ನಿರಾಕರಿಸಿದರೆ 30 ದಿನಗಳೊಳಗೆ ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಜಾನಪದದ ದೃಷ್ಟಿಯಿಂದ ಇಲ್ಲಿ ಮುಖ್ಯವಾಗುವುದು ಮೃಗಾಲಯ ಎಂಬ ಪದದ ವ್ಯಾಖ್ಯೆ. ಅದು ‘ಸ್ಥಿರ’ ಸಂಸ್ಥೆಯನ್ನಷ್ಟೇ ಅಲ್ಲದೆ ‘ಸಂಚಾರಿ’ ಸಂಸ್ಥೆಯನ್ನೂ ಒಳಗೊಳ್ಳುತ್ತದೆ. 1991ರ ವ್ಯಾಖ್ಯೆಯ ಹೊರಗಿದ್ದ ಸರ್ಕಸ್ಸನ್ನು 2002ರ ತಿದ್ದುಪಡಿಯು ರಕ್ಷಣಾ ಕೇಂದ್ರಗಳೊಂದಿಗೆ ಒಳಕ್ಕೆ ತಂದಿತು. ಹೀಗೆ ಅಕ್ಷರದ ಮಟ್ಟದಲ್ಲಿ ಸಂಚಾರಕ್ಕೆ ಎಡೆಯಿದ್ದರೂ ಮಾನದಂಡಗಳೆಲ್ಲವೂ ನೆಲೆ ನಿಂತ ಸಂಸ್ಥೆಯನ್ನು ಕಲ್ಪಿಸಿಕೊಂಡೇ ರೂಪುಗೊಂಡಿವೆ. ಗೋಡೆ ಕಟ್ಟಲು ನೆಲ ಬೇಕು, ದಾಖಲೆ ಇಡಲು ಅಕ್ಷರ ಬೇಕು. ಇವೆರಡೂ ಅಲೆಮಾರಿಯ ಬಳಿ ಇಲ್ಲದ ವಸ್ತುಗಳು.

ಕರಡಿಯಾಟ ಕೇವಲ ಮನರಂಜನೆಯಾಗಿರಲಿಲ್ಲ. ಕರಡಿಯ ಕೂದಲನ್ನು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟಿದರೆ ಮಕ್ಕಳು ಬೆಚ್ಚುವುದಿಲ್ಲವೆಂಬ ನಂಬಿಕೆಯಿತ್ತು. ಮಗುವನ್ನು ಕರಡಿಯ ಬೆನ್ನ ಮೇಲೆ ಕೂರಿಸಿ ಭಯ ಬಿಡಿಸುವ ರೂಢಿಯಿತ್ತು. ಕಾಡು ಮನೆಯಂಗಳಕ್ಕೆ ಬರುವ ಗಳಿಗೆ ಅದು. ಆದರೆ ಆ ಗಳಿಗೆಗೆ ಕರಡಿ ತೆತ್ತ ಬೆಲೆಯನ್ನು ಮರೆಮಾಚುವುದು ಅಧ್ಯಯನಕ್ಕೆ ಮಾಡುವ ಅಪಚಾರ. ತಾಯಿಯನ್ನು ಕೊಂದು ಮರಿಯನ್ನು ಹಿಡಿಯುವುದು, ಕಾಯಿಸಿದ ಸಲಾಕೆಯಿಂದ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸುವುದು, ಹಲ್ಲು ಕೀಳುವುದು ಈ ವೃತ್ತಿಯ ಭಾಗವೇ ಆಗಿದ್ದವು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕಾಗಿ ಪಳಗಿಸಕೂಡದೆಂದು 1998ರಲ್ಲಿ ಹೊರಟ ಅಧಿಸೂಚನೆಯನ್ನು 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದದ್ದು ನ್ಯಾಯವೇ ಆಗಿದೆ.

ಬನ್ನೇರುಘಟ್ಟದಲ್ಲಿ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯ ಸಹಯೋಗದಲ್ಲಿ 2005ರಲ್ಲಿ ಕರಡಿ ರಕ್ಷಣಾ ಕೇಂದ್ರ ಆರಂಭವಾಯಿತು. ದೇಶದ ಕೊನೆಯ ಕುಣಿಯುವ ಕರಡಿಯೆಂದು ದಾಖಲಾಗಿರುವ ‘ರಾಜು’ 2009ರ ಡಿಸೆಂಬರಿನಲ್ಲಿ ಸೇರಿದ್ದು ಇಲ್ಲಿಗೇ. ದೇಶದಾದ್ಯಂತ 600ಕ್ಕೂ ಹೆಚ್ಚು ಕರಡಿಗಳು ಹೀಗೆ ಹಗ್ಗ ಕಳಚಿಕೊಂಡವು. ಕರಡಿ ಒಪ್ಪಿಸಿದ ಕುಟುಂಬಗಳಿಗೆ ಬದಲಿ ಉದ್ಯೋಗಕ್ಕೆ ನೆರವು, ಮಕ್ಕಳ ಶಾಲೆಗೆ ಸಹಾಯ ದೊರೆತದ್ದೂ ಈ ಚರಿತ್ರೆಯ ಭಾಗವೇ.

ಹಾಗಿದ್ದೂ ಒಂದು ಕೊರತೆ ಉಳಿಯುತ್ತದೆ. ಕರಡಿಯನ್ನು ಬರಮಾಡಿಕೊಂಡ ರಕ್ಷಣಾ ಕೇಂದ್ರಕ್ಕೆ ಕಾನೂನಿನ ವ್ಯಾಖ್ಯೆಯಲ್ಲಿ ಸ್ಥಾನವಿದೆ. ಅದನ್ನು ಕರೆತಂದವನ ತಿಳಿವಿಗೆ ಯಾವ ವ್ಯಾಖ್ಯೆಯಲ್ಲೂ ಸ್ಥಾನವಿಲ್ಲ. ಕರಡಿಯ ಹಸಿವು, ಮುನಿಸು, ಕಾಯಿಲೆಗಳನ್ನು ಅದರ ಉಸಿರಿನಿಂದಲೇ ಗುರುತಿಸುತ್ತಿದ್ದ ಅನುಭವ ಕ್ರೌರ್ಯದ ಜೊತೆಗೇ ಬೆಳೆದದ್ದು ನಿಜ. ಕ್ರೌರ್ಯವನ್ನು ಕೈಬಿಡುವಾಗ ಆ ತಿಳಿವನ್ನೂ ಕೈಬಿಡಬೇಕಾಗಿರಲಿಲ್ಲ. ಪ್ರಾಣಿಯ ಪಾಲಿಗೆ ಮಾನ್ಯತೆಯ ವ್ಯವಸ್ಥೆ ಬಿಡುಗಡೆಯಾಗಿ ಬಂದಿತು. ಖಲಂದರರ ಹಿರಿಯ ತಲೆಮಾರು ಕಣ್ಮರೆಯಾಗುವ ಮೊದಲು ಅವರ ಮಾತು, ಮದ್ದು, ಕಥನಗಳನ್ನು ದಾಖಲಿಸಿಕೊಂಡರೆ ಮಾತ್ರ ಆ ಪದದ ಅರ್ಥ ಮನುಷ್ಯನ ಪಾಲಿಗೂ ಪೂರ್ಣವಾದೀತು.